ಆರನೇ ಕಂಬ, ಮೂರರಿಂದ ಐದು

11 ಫೆಬ್ರವರಿ, ಬೆಳಿಗ್ಗೆ 7.10

ಆರನೇ ಕಂಬ. ನೆಲ 18 ಡಿಗ್ರಿ. ಗುರುವಣ್ಣನ ಅಂಗಿಯ ಮೇಲೆ 28, ಮುಖ 33. ನಾಲ್ಕು ಮೀಟರ್ ದೂರದಲ್ಲಿ ಹತ್ತು ಸಲ ನಡೆದರು, ಹತ್ತೂ ಸಲ ಕಂಬದ ಪರೀಕ್ಷಾ ದೀಪ ಹತ್ತಿತು. ಎಂಟು ಮೀಟರಿನಲ್ಲಿ ಹತ್ತು. ಹನ್ನೆರಡರಲ್ಲಿ ಹತ್ತು. ಹದಿನಾರರಲ್ಲಿ ಏಳು. ಮುಗಿಯಿತು ಅಂದುಕೊಂಡರೆ ಇನ್ನೂ ನಿಧಾನ ನಡಿಗೆಯ ಪಟ್ಟಿ ಬಾಕಿ. ಗುರುವಣ್ಣ ಬೀಡಿ ಆರಿಸಿ ಮತ್ತೆ ಹೊರಟರು. ಹಚ್ಚಿಕೊಂಡು ನಡೆಯಬಾರದು ಎಂದು ಮೊದಲ ದಿನವೇ ಹೇಳಿದ್ದೆ. ಬೀಡಿಯ ತುದಿಯೂ ಬಿಸಿಯೇ, ಅಳತೆ ಕೆಡುತ್ತದೆ.

ಮೂವತ್ತು ವರ್ಷ ಇದೇ ಕಾಡಂಚಿನ ಎಸ್ಟೇಟಿನಲ್ಲಿ ಕೂಲಿ ಮಾಡಿದವರು. ಈಗ ಎರಡು ತಿಂಗಳು ನಮ್ಮ ಕಂಪನಿಗೆ. ಕೆಲಸ ಏನೆಂದರೆ, ಆನೆಯ ಬದಲು ಸೆನ್ಸರ್ ಮುಂದೆ ನಡೆಯುವುದು. "ಬರೀ ನಡಿಯೋಕೆ ನನ್ನ ಕರೆದವರು ನೀವೇ ಮೊದ್ಲು ಮಾರಾಯ್ತಿ" ಅನ್ನುತ್ತಾರೆ. ಬಲಗಾಲು ಸ್ವಲ್ಪ ಎಳೆಯುತ್ತದೆ. ಮರದಿಂದ ಬಿದ್ದದ್ದಂತೆ, ಹಳೆಯದು.

ತಿಂಡಿ ಇಲ್ಲ. ಹನ್ನೊಂದಕ್ಕೆ ಏಳನೇ ಕಂಬ.

14 ಫೆಬ್ರವರಿ

ಒಳದಾರಿಯ ಎಂಟೂ ಕಂಬಗಳ ಬೆಳಗಿನ ಅಳತೆ ಮುಗಿದಿದೆ. ಎಸ್ಟೇಟಿನ ಕೂಲಿ ಲೈನಿನ ಮನೆಗಳಿಂದ ಆಚೆ ತೋಟಗಳ ಕೆಲಸಕ್ಕೂ ಮುತ್ತಿನಕೊಪ್ಪದ ಬಸ್ಸಿಗೂ ಹೋಗಲು ಇದೇ ಹತ್ತಿರದ ದಾರಿ, ಕಾಡಿನ ಒಳಗೆ. ಹೋದ ವರ್ಷ ಇಲ್ಲಿ ಒಬ್ಬರನ್ನು ಆನೆ ಹೊಡೆದ ಮೇಲೆ ಜನ ಡಾಂಬರು ರಸ್ತೆ ಸುತ್ತಿ ಹೋಗುತ್ತಾರೆ. ನಾಲ್ಕು ಕಿಲೋಮೀಟರ್ ಹೆಚ್ಚು. ಅದಕ್ಕೇ ಈ ಕಂಬಗಳು. ಯಾವ ಕಂಬದ ಮುಂದೆ ಆನೆ ಹಾದರೂ ದಾರಿಯ ಎರಡೂ ಬಾಯಲ್ಲಿರುವ ಕೆಂಪು ದೀಪ ಹತ್ತು ನಿಮಿಷ ಮಿನುಗಬೇಕು.

ಊಟದ ಹೊತ್ತಿಗೆ ಗುರುವಣ್ಣ ಕೇಳಿದರು, ಕಂಬದ ಮೇಲಿನ ಈ ಬಿಳಿ ಗುಂಡಿಗೆ ನಾನು ಬಂದದ್ದು ಹೇಗೆ ಗೊತ್ತಾಗುತ್ತದೆ ಎಂದು. ಕ್ಯಾಮೆರಾ ಅಲ್ಲ ಅಂದೆ. ಅದಕ್ಕೆ ನೀವು ಕಾಣುವುದಿಲ್ಲ, ನಿಮ್ಮ ಬಿಸಿಯೂ ಕಾಣುವುದಿಲ್ಲ. ಹಿಂದಿನ ನೆಲಕ್ಕೂ ಮುಂದೆ ಹಾಯುವ ನಿಮ್ಮ ಮೈಗೂ ಇರುವ ಬಿಸಿಯ ವ್ಯತ್ಯಾಸ ಮಾತ್ರ ಅದಕ್ಕೆ ತಿಳಿಯುತ್ತದೆ.

ಗುರುವಣ್ಣ ನೆಲ ಮುಟ್ಟಿ ನೋಡಿದರು. "ನಾನೂ ನೆಲವೂ ಒಂದೇ ಬಿಸಿ ಆದ್ರೆ?"

"ಆಗ ನೀವು ಇಲ್ಲ ಗುರುವಣ್ಣ, ಅಷ್ಟೇ."

ಬುತ್ತಿ ಮುಚ್ಚುತ್ತಾ ನಕ್ಕರು. ನನಗೆ ಡಿಪ್ಲೊಮಾದಲ್ಲಿ ಮೂರು ತರಗತಿ ಬೇಕಾದ ಪ್ರಶ್ನೆ.

23 ಫೆಬ್ರವರಿ, ಭಾನುವಾರ

ಊರಿಗೆ, ಶೆಟ್ಟಿಕೊಪ್ಪಕ್ಕೆ ಹೋಗಿ ಬಂದೆ. ಅಮ್ಮ ಪಕ್ಕದ ಮನೆಯವರ ಎದುರು, ನಮ್ಮ ಹುಡುಗಿ ಆನೆಗೆ ಸಿಗ್ನಲ್ ಹಾಕ್ತಾಳೆ ಅಂದಳು. ಅಮ್ಮನೂ ತೋಟದ ಕೆಲಸಕ್ಕೆ ಹೋಗುವವಳೇ. ಅವಳು ಹೋಗುವ ದಾರಿಯಲ್ಲಿ ಕಂಬ ಇಲ್ಲ. ಯಾವಾಗ ಹಾಕ್ತೀರಿ ಎಂದು ಕೇಳಿದಳು. ಇದು ಸರಿಯಾದರೆ ಅಲ್ಲಿಗೂ ಬರುತ್ತದೆ ಅಂದೆ.

3 ಮಾರ್ಚ್, ಸಂಜೆ 5.30

ಏನೋ ಸರಿಯಿಲ್ಲ.

ಮಧ್ಯಾಹ್ನದ ಅಳತೆ ಇವತ್ತಿನಿಂದ. ಹನ್ನೆರಡೂವರೆಗೆ ಆರನೇ ಕಂಬದ ಮುಂದೆ ನೆಲ ಬಿಸಿಲಿಗೆ ಕಾದು 44. ಗುರುವಣ್ಣ 34. ನೆಲಕ್ಕಿಂತ ಮನುಷ್ಯ ತಂಪು, ಆದರೂ ವ್ಯತ್ಯಾಸ ಇದೆಯಲ್ಲ, ಎಲ್ಲ ಸಲವೂ ಹತ್ತಿತು. ಮೂರು ಗಂಟೆಗೆ ಗುಡ್ಡದ ನೆರಳು ದಾರಿಯ ಮೇಲೆ ಬಂತು. ನೆಲ ನಿಧಾನಕ್ಕೆ ಇಳಿಯಿತು. 3.40ಕ್ಕೆ ನೆಲ 34. ಅಂಗಿ 34.

ನಾಲ್ಕು ಮೀಟರ್: ಹತ್ತಕ್ಕೆ ಆರು. ಎಂಟು ಮೀಟರ್: ಒಂದು. ಹನ್ನೆರಡು: ಇಲ್ಲ.

ಸೆನ್ಸರ್ ಕೆಟ್ಟಿದೆ ಅಂದುಕೊಂಡೆ. ಹೊಸದು ಹಾಕಿದೆ. ಅದೇ. ಇನ್ನೊಂದು ಹಾಕಿದೆ. ಅದೇ. ಐದು ದಾಟಿದ ಮೇಲೆ ನೆಲ 31ಕ್ಕೆ ಇಳಿಯಿತು, ತಾನಾಗಿಯೇ ಸರಿಯಾಯಿತು.

ಕೆಟ್ಟಿಲ್ಲ. ಅದರ ಗುಣವೇ ಹಾಗೆ.

7 ಮಾರ್ಚ್

ಇದು ಗುರುವಣ್ಣನ ಐಡಿಯಾ. "ಮೂರು ಗಂಟೆ ಹೊತ್ತಿಗೆ ಆನೆ ಕೆರೆಯಿಂದ ಏಳ್ತದೆ, ಮೈಗೆಲ್ಲ ಕೆಸರು ಮೆತ್ಕೊಂಡು. ನನ್ನ ಅಂಗಿ ಅಳೆದ್ರೆ ಎಂತ ಆಗ್ತದೆ?" ಎಂದು, ಗೋಣಿಚೀಲವನ್ನು ಕೆಸರಲ್ಲಿ ಅದ್ದಿ ತಲೆಯ ಮೇಲಿಂದ ಹೊದ್ದುಕೊಂಡು ಬಂದರು.

ಒದ್ದೆ ಇದ್ದಾಗ ಪರವಾಗಿಲ್ಲ. ನೀರು ತಂಪು, ಆರು ಸಲ ಹತ್ತಿತು. ಅರ್ಧ ಗಂಟೆ ಒಣಗಲು ಬಿಟ್ಟೆವು. ಒಣ ಕೆಸರಿಗೆ ನೆಲದ್ದೇ ಬಿಸಿ. ನಾಲ್ಕು ಮೀಟರಿನಲ್ಲಿ ಹತ್ತು ಸಲ ನಡೆದರು. ಸೊನ್ನೆ. ಮೂರು ಮೀಟರಿಗೆ ಬಂದರು. ಸೊನ್ನೆ. ಕೊನೆಗೆ ಸೆನ್ಸರಿನ ಎದುರೇ ನಿಂತು ಎರಡೂ ಕೈ ಬೀಸಿದಾಗ ಹತ್ತಿತು.

ನಗು ಬರಲಿಲ್ಲ, ಇಬ್ಬರಿಗೂ. ಲೈನಿನವರು ಕೆಲಸ ಬಿಟ್ಟು ಮನೆಗೆ ಹೊರಡುವುದು ನಾಲ್ಕೂವರೆಗೆ.

12 ಮಾರ್ಚ್

ಸೆನ್ಸರ್ ಕೊಡುವ ವೋಲ್ಟೇಜು ಅರ್ಧ ವೋಲ್ಟು ದಾಟಿದರೆ ದೀಪ. ಆ ಮಿತಿಯನ್ನು ಕಾಲು ವೋಲ್ಟಿಗೆ ಇಳಿಸಿ ನೋಡಿದೆ. ಗುರುವಣ್ಣ ಎಂಟು ಮೀಟರಿನಲ್ಲಿ ಏಳು ಸಲ ಸಿಕ್ಕರು. ಖುಷಿಯಾಯಿತು, ಸಂಜೆಯವರೆಗೆ. ಸಂಜೆ ಎಣಿಸಿದರೆ ಒಂದೇ ದಿನದಲ್ಲಿ ಅರವತ್ತೊಂದು ಸಲ ಸುಮ್ಮನೆ ಹತ್ತಿದೆ. ಗಾಳಿ, ಎಲೆ, ಕೊಂಬೆಯ ಸಂದಿನಲ್ಲಿ ಬಂದು ಹೋಗುವ ಬಿಸಿಲು.

ಸುಂದರೇಶ್ ಸರ್ ಜೀಪಿನಲ್ಲಿ ಬಂದಿದ್ದರು. ಕಂಪನಿಯ ಕಡೆಯಿಂದ ಈ ಪ್ರಾಜೆಕ್ಟಿಗೆ ಅವರೇ. ಪಟ್ಟಿ ತೋರಿಸಿದೆ. ಪೂರ್ತಿ ಓದಿದರು, ಬೈಯಲಿಲ್ಲ. ಅರವತ್ತು ಸಲ ಸುಳ್ಳು ಹೇಳುವ ದೀಪವನ್ನು ಮೂರನೇ ದಿನಕ್ಕೆ ಯಾರೂ ತಿರುಗಿಯೂ ನೋಡುವುದಿಲ್ಲ ಅಂದರು. ಅದು ನಿಜ, ಮಿತಿಯನ್ನು ಮತ್ತೆ ಅರ್ಧ ವೋಲ್ಟಿಗೇ ತಂದೆ. ಎರಡನೇ ಹಂತದಲ್ಲಿ ರೇಡಾರ್ ಬರುತ್ತದೆ, ಅದಕ್ಕೆ ಬಿಸಿಯ ಹಂಗಿಲ್ಲ. ಅಲ್ಲಿಯವರೆಗೆ ಸಾಫ್ಟ್‌ವೇರಿನಲ್ಲಿ ಏನಾದರೂ ಮಾಡಿಸುತ್ತೇನೆ ಅಂದರು. ಎರಡನೇ ಹಂತ ಯಾವಾಗ ಎಂದು ಕೇಳಲಿಲ್ಲ ನಾನು.

18 ಮಾರ್ಚ್

ರಿಪೋರ್ಟಿನ ಫಾರ್ಮಿನಲ್ಲಿ ಒಂದೇ ಕಾಲಂ. "ಸರಾಸರಿ ಪತ್ತೆ ಪ್ರಮಾಣ." ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಲ್ಲ ಕೂಡಿಸಿ ಭಾಗಿಸಿದರೆ ನೂರಕ್ಕೆ 86. ಒಳ್ಳೆಯ ಅಂಕಿ. ಮೂರರಿಂದ ಐದರ ಸೊನ್ನೆ ಅದರೊಳಗೆ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಕೆಳಗೆ ನಾಲ್ಕು ಸಾಲು ಬರೆದೆ: ಮಾರ್ಚಿನಿಂದ ಮೇ, ಮಧ್ಯಾಹ್ನ ಮೂರರಿಂದ ಐದು, ಈ ಹೊತ್ತಿನಲ್ಲಿ ದೀಪವನ್ನು ನಂಬುವಂತಿಲ್ಲ.

ಸಂಜೆ ಮೇಲಿನಿಂದ ತಿದ್ದಿದ ಪ್ರತಿ ಬಂತು. ನಾಲ್ಕು ಸಾಲು ಕೊನೆಯ ಪುಟಕ್ಕೆ ಹೋಗಿ ಒಂದು ಸಾಲಾಗಿದೆ. "ಬೇಸಿಗೆಯ ಮಧ್ಯಾಹ್ನದ ಸಾಮರ್ಥ್ಯವನ್ನು ಎರಡನೇ ಹಂತದಲ್ಲಿ ಹೆಚ್ಚಿಸಬಹುದು."

ಸಹಿ ಹಾಕಿದೆ. ಹಾಕದಿದ್ದರೆ ಏನಾಗುತ್ತಿತ್ತು? ಕೇಳಿ ನೋಡಲಿಲ್ಲ.

27 ಮಾರ್ಚ್

ಉದ್ಘಾಟನೆ. ಶಾಮಿಯಾನ, ಮೈಕು, ಲೈನಿನ ಜನ ಎಪ್ಪತ್ತರಷ್ಟು. ಗಣ್ಯರು ಹೋದ ಮೇಲೆ ಸುಂದರೇಶ್ ಸರ್ ಮೈಕು ನನ್ನ ಕೈಗೆ ಕೊಟ್ಟರು, ನಮ್ಮ ಕಡೆಯ ಹುಡುಗಿ, ನೀವೇ ತಿಳಿಸಿ ಹೇಳಿ ಎಂದು. ಹೇಳಿದೆ. ದೀಪ ಮಿನುಗಿದರೆ ಒಳಗೆ ಕಾಲಿಡಬೇಡಿ.

ಹೆಂಗಸರ ಸಾಲಿನಿಂದ ಭೈರಮ್ಮಕ್ಕ ಎದ್ದರು. ಗುರುವಣ್ಣನ ಹೆಂಡತಿ. "ಹತ್ತಿದ್ರೆ ಆನೆ ಅದೆ. ಗೊತ್ತಾತು. ಹತ್ತದೇ ಇದ್ರೆ ಆನೆ ಇಲ್ಲ ಅಂತ ತಾನೆ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸರ್ ಕೂಡ.

"ಹೌದು" ಅಂದೆ. ಮೈಕಿನಲ್ಲಿ.

ಆಮೇಲೆ ವೈರು ಸುತ್ತುವಾಗ ಗುರುವಣ್ಣ ಹತ್ತಿರ ಬಂದು ಮೆಲ್ಲಗೆ ಕೇಳಿದರು. ಬೇರೆಯವರಿಗೆ ಕೇಳದ ಹಾಗೆ, ನನ್ನ ಮರ್ಯಾದೆ ಉಳಿಸುವವರ ಹಾಗೆ. "ಆ ಮೂರೂವರೆದು ಸರಿ ಆಯ್ತಾ?"

ಬೆಳಿಗ್ಗೆ ಸರ್ ಹೇಳಿದ್ದರು, ಹೊಸ ಸಾಫ್ಟ್‌ವೇರ್ ಹಾಕಿದ್ದಾರೆ, ಈಗ ಬೆಟರ್ ಇದೆ ಎಂದು. ನಾನು ಅಳೆದು ನೋಡಿಲ್ಲ. ಅಳೆಯದೆ ಹೇಳಿದೆ.

"ಆಯ್ತು ಗುರುವಣ್ಣ."

4 ಏಪ್ರಿಲ್

ಬೆಳಿಗ್ಗೆ 6.20ಕ್ಕೆ ಮೂರನೇ ಕಂಬದಲ್ಲಿ ಎರಡು ಆನೆ. ದೀಪ ಹತ್ತಿ ಕೆಲಸಕ್ಕೆ ಹೊರಟಿದ್ದ ಹನ್ನೊಂದು ಜನ ದಾರಿಯ ಬಾಯಲ್ಲೇ ನಿಂತರಂತೆ. ಕಾಲು ಗಂಟೆಯ ಮೇಲೆ ಆನೆಗಳು ದಾಟಿದ್ದನ್ನು ಕಣ್ಣಾರೆ ಕಂಡರು. ಲೈನಿನಿಂದ ಒಂದು ಎಳೆ ಹಲಸಿನ ಗುಜ್ಜೆ ಕಳಿಸಿದ್ದಾರೆ ನನಗೆ. ಇಷ್ಟು ಸಂತೋಷ ಈ ಕೆಲಸ ಹಿಡಿದ ಮೇಲೆ ಆದದ್ದಿಲ್ಲ.

ಗುಜ್ಜೆಯನ್ನು ನರಸಿಂಹರಾಜಪುರದ ನನ್ನ ರೂಮಿನ ಓನರ್ ಆಂಟಿಗೆ ಕೊಟ್ಟೆ. ಮೂರರಿಂದ ಐದನ್ನು ಮತ್ತೆ ಅಳೆಯಬೇಕು. ಈ ವಾರ.

10 ಏಪ್ರಿಲ್

ಅಳೆಯಲಿಲ್ಲ. ಸರ್ ಕೊಪ್ಪದ ಕಡೆ ಹೊಸ ಸೈಟ್ ನೋಡಲು ಕಳಿಸಿದರು, ಭಂಡಿಗಡಿಯ ಆಚೆ. ನಾಲ್ಕು ದಿನ ಅಲ್ಲೇ. ಆರನೇ ಕಂಬದಲ್ಲಿ ನನ್ನ ಲಾಗರ್ ಹಾಗೇ ಬಿಟ್ಟಿದ್ದೇನೆ. ಸೆನ್ಸರ್ ಕೊಡುವ ಸಣ್ಣ ಏರಿಳಿತವನ್ನೂ ನೆಲದ ಬಿಸಿಯನ್ನೂ ಬರೆದಿಡುವ ಡಬ್ಬಿ ಅದು, ಪರೀಕ್ಷೆ ಮುಗಿದ ಮೇಲೆ ಆಫೀಸಿಗೆ ವಾಪಸು ಕೊಡಬೇಕಿತ್ತು. ಕಂಪನಿಯ ಸರ್ವರಿನಲ್ಲಿ ದೀಪ ಹತ್ತಿದ ಹೊತ್ತು ಮಾತ್ರ ಇರುತ್ತದೆ. ಇದರಲ್ಲಿ ಎಲ್ಲವೂ ಇರುತ್ತದೆ. ಒಂದು ತಿಂಗಳ ಡೇಟಾ ಸಿಕ್ಕರೆ ಸರ್‌ಗೆ ತೋರಿಸಬಹುದು, ಆಗ ಇಲ್ಲ ಅನ್ನಲಾರರು.

ಡಾಂಬರು ರಸ್ತೆಯಲ್ಲಿ ಈಗ ಯಾರೂ ಸುತ್ತಿ ಹೋಗುವುದಿಲ್ಲವಂತೆ. ಎಲ್ಲರೂ ಒಳದಾರಿ.

17 ಏಪ್ರಿಲ್

ಗುರುವಣ್ಣ

19 ಏಪ್ರಿಲ್

ನಿನ್ನೆ ಮಣ್ಣಾಯಿತು. ದೂರ ನಿಂತಿದ್ದೆ.

ಮೊನ್ನೆ ಭೈರಮ್ಮಕ್ಕನಿಗೆ ಜ್ವರ. ಮಾತ್ರೆ ತರಲು ನಾಲ್ಕರ ಬಸ್ಸಿಗೆ ನರಸಿಂಹರಾಜಪುರಕ್ಕೆ ಬರುವವರಿದ್ದರು. ಕೆಲಸ ಬೇಗ ಬಿಟ್ಟು ಒಳದಾರಿ ಹಿಡಿದಿದ್ದಾರೆ. ಆರನೇ ಕಂಬದ ಹತ್ತಿರ. ಒಂಟಿ ಸಲಗ.

ಕೂಗು ಕೇಳಿ ಲೈನಿನವರು ಓಡಿ ಬಂದಾಗ ದಾರಿಯ ಬಾಯಲ್ಲಿ ದೀಪ ಮಿನುಗುತ್ತಿತ್ತು. ಎಲ್ಲರೂ ನೋಡಿದ್ದಾರೆ. ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ದೀಪ ಹತ್ತಿತ್ತು, ಗುರುವ ಯಾಕೆ ಹೋದ?

ಹತ್ತಿತ್ತಾ? ಹಾಗಾದರೆ ಸಾಫ್ಟ್‌ವೇರ್ ಸರಿಯಾಗಿತ್ತಾ? ಹಾಗೆ ಇರಲಿ ಎಂದು ನಾನು ಬೇಡಿಕೊಂಡೆ. ಅವರು ಸತ್ತ ಮೂರನೇ ದಿನಕ್ಕೆ ನಾನು ಬೇಡಿಕೊಂಡದ್ದು ಅದನ್ನು.

22 ಏಪ್ರಿಲ್, ಮಧ್ಯಾಹ್ನ 2.00

ಲಾಗರ್ ಬಿಚ್ಚಿ ತಂದೆ. ಕಂಬದ ಬುಡದಲ್ಲಿ ಇನ್ನೂ ಗುರುತಿದೆ. ನೋಡದೆ ಕೆಲಸ ಮಾಡಿದೆ.

ಸಂಜೆ 6.15

17ರಂದು ಆದದ್ದನ್ನು ಬರೆದಿಡುತ್ತೇನೆ, ಹೊತ್ತಿನ ಸಮೇತ.

3.31 — ಒಂದು ಅಲೆ. ದೊಡ್ಡ ಮೈ, ನಿಧಾನ, ಸುಮಾರು ಒಂಬತ್ತು ಮೀಟರ್ ದೂರ. 0.3 ವೋಲ್ಟು. ಮಿತಿ 0.5. ದೀಪ ಇಲ್ಲ. ನೆಲದ ಬಿಸಿ 35.

3.38 — ಇನ್ನೊಂದು ಅಲೆ, ಅದಕ್ಕಿಂತ ಸಣ್ಣದು. ಒಂದು ಉಬ್ಬು, ಒಂದು ಅರ್ಧ ಉಬ್ಬು. ಒಂದು ಉಬ್ಬು, ಒಂದು ಅರ್ಧ ಉಬ್ಬು. ಎಳೆದು ಹಾಕುವ ಕಾಲು. ಈ ಅಲೆಯನ್ನು ಎರಡು ತಿಂಗಳಲ್ಲಿ ಸಾವಿರ ಸಲ ನೋಡಿದ್ದೇನೆ. ಹೆಸರು ಬರೆದು ಇಟ್ಟ ಹಾಗಿದೆ. 0.2 ವೋಲ್ಟು.

3.39, ಐವತ್ತನೇ ಸೆಕೆಂಡು — ಗೆರೆ ನೇರ ಮೇಲೆ ಹೋಗಿದೆ. ಸೆನ್ಸರಿನ ಮುಂದೆಯೇ, ಎರಡು ಮೀಟರೂ ಇಲ್ಲ. ದೀಪ ಆಗ ಹತ್ತಿತು.

ಆಗ.

ದಾರಿಯ ಬಾಯಿಂದ ಆರನೇ ಕಂಬಕ್ಕೆ ಇನ್ನೂರು ಮೀಟರ್. ಅವರ ನಡಿಗೆಗೆ ಮೂರು ನಿಮಿಷ. 3.35ಕ್ಕೆ ಅವರು ದೀಪದ ಕೆಳಗೆ ನಿಂತು ನೋಡಿದ್ದಾರೆ, ನೋಡಿಯೇ ಇರುತ್ತಾರೆ. ಹತ್ತಿರಲಿಲ್ಲ. ಹತ್ತಿಲ್ಲವೆಂದರೆ ಆನೆ ಇಲ್ಲ. ಮೈಕಿನಲ್ಲಿ ಕೇಳಿದ್ದು. ಸಾಲದ್ದಕ್ಕೆ ಬೇರೆಯಾಗಿ ಬಂದು ಕೇಳಿ ಖಾತ್ರಿ ಮಾಡಿಕೊಂಡದ್ದು.

ಮೂರೂ ಗ್ರಾಫು ಪ್ರಿಂಟ್ ತೆಗೆದಿಟ್ಟೆ.

25 ಏಪ್ರಿಲ್

ಕಂಪನಿಯ ವರದಿ ಬಂತು, ಒಂದು ಪುಟ. "17ರಂದು ಮಧ್ಯಾಹ್ನ 3.39ಕ್ಕೆ ಆರನೇ ಕಂಬ ಆನೆಯನ್ನು ಪತ್ತೆಹಚ್ಚಿ ಎಚ್ಚರಿಕೆ ನೀಡಿದೆ. ವ್ಯಕ್ತಿಯು ಬಸ್ಸಿನ ಅವಸರದಲ್ಲಿ ಎಚ್ಚರಿಕೆಯನ್ನು ಗಮನಿಸದೆ ಒಳಗೆ ಹೋಗಿರುವ ಸಾಧ್ಯತೆ ಇದೆ." ಸುಳ್ಳಿನ ಅಂಕಿ ಒಂದೂ ಇಲ್ಲ. ಹತ್ತು ಸಲ ಓದಿದೆ.

ಸರ್‌ಗೆ ಫೋನ್ ಮಾಡಿ ಅಲೆಗಳ ವಿಷಯ ಹೇಳಿದೆ. ಅವರು ಮೊದಲು ಕೇಳಿದ್ದು, ಆ ಲಾಗರ್ ಅಲ್ಲಿ ಇರಬೇಕಾದದ್ದೇ ಅಲ್ಲವಲ್ಲ ಶಾಲಿನಿ, ಯಾರ ಅನುಮತಿ ಇತ್ತು? ದನಿಯಲ್ಲಿ ಸಿಟ್ಟಿರಲಿಲ್ಲ. ಸುಸ್ತಿತ್ತು. "ಈ ಕಂಬಗಳು ಈ ತಿಂಗಳು ಹನ್ನೊಂದು ಜನರನ್ನ ಉಳಿಸಿವೆ. ಇದನ್ನ ಹೊರಗೆ ಹಾಕಿದ್ರೆ ನಾಳೆ ಎಂಟೂ ಕಂಬ ಕಿತ್ತು ಹಾಕ್ತಾರೆ. ಬೆಳಿಗ್ಗೆ ಹೋಗೋರ ಗತಿ ಏನು?"

ಫೋನ್ ಇಟ್ಟು ಮಾರ್ಚಿನ ಪಟ್ಟಿ ಹುಡುಕಿ ತೆಗೆದೆ.

29 ಏಪ್ರಿಲ್

ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಪತ್ರ ಕೊಟ್ಟೆ. ಮೂರು ಗ್ರಾಫು, ಮಾರ್ಚಿನ ಪಟ್ಟಿ, ನನ್ನ ಸಹಿ. ಮಧ್ಯಾಹ್ನ ಮೂರರಿಂದ ಐದು ದಾರಿ ಮುಚ್ಚಬೇಕು ಎಂದು ಬರೆದಿದ್ದೇನೆ. ಸೀಲು ಹಾಕಿದ ಸ್ವೀಕೃತಿ ಕೊಟ್ಟರು. ಅಲ್ಲಿದ್ದ ಗುಮಾಸ್ತರು ಗ್ರಾಫನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಆನೆ ಎಲ್ಲಮ್ಮ ಎಂದು ಕೇಳಿದರು. ತೋರಿಸಿದೆ. ಮನುಷ್ಯ ಎಲ್ಲಿ ಎಂದರು. ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡರು.

ದಾರಿಯ ಬಾಯಲ್ಲಿ ರಟ್ಟಿನ ಮೇಲೆ ಬರೆದು ಕಟ್ಟಿದೆ. ಮಧ್ಯಾಹ್ನ 3ರಿಂದ 5 ದೀಪ ನಂಬಬೇಡಿ.

1 ಮೇ

ರಟ್ಟು ಇಲ್ಲ. ಮತ್ತೆ ಕಟ್ಟಿದೆ.

3 ಮೇ

ಇಲ್ಲ. ಯಾರು ತೆಗೆಯುತ್ತಾರೋ. ಗಾಳಿಯೂ ಇರಬಹುದು.

6 ಮೇ, ಸಂಜೆ 6.00

ಇವತ್ತು ಹೋದೆ. ಹತ್ತೊಂಬತ್ತು ದಿನ ಬೇಕಾಯಿತು.

ಭೈರಮ್ಮಕ್ಕ ಲೈನಿನ ಜಗಲಿಯಲ್ಲಿ ಕೂತು ಕತ್ತಿಗೆ ಹಿಡಿ ಕೂರಿಸುತ್ತಿದ್ದರು. ಗುರುವಣ್ಣನ ಕತ್ತಿ. ಜ್ವರ ಇಳಿದಿದೆ, ಕೆಲಸಕ್ಕೆ ಹೋಗುತ್ತಿದ್ದಾರೆ. ಕೂತುಕೋ ಅಂದರು. ಕೂರಲಿಲ್ಲ, ನಿಂತೇ ಹೇಳಿದೆ. ದೀಪ ಆಮೇಲೆ ಹತ್ತಿದ್ದು. ಅವರು ಹೋಗುವಾಗ ಹತ್ತಿರಲಿಲ್ಲ. ಆ ಹೊತ್ತಿನಲ್ಲಿ ಹತ್ತುವುದಿಲ್ಲ ಎಂದು ನಾವಿಬ್ಬರೂ ಮಾರ್ಚಿನಲ್ಲೇ ಅಳೆದಿದ್ದೆವು. ಸರಿಯಾಯಿತಾ ಎಂದು ಅವರು ಕೇಳಿದ್ದರು. ಆಯಿತು ಅಂದೆ. ನೋಡದೆ ಅಂದೆ.

ಕತ್ತಿ ಕೆಳಗಿಟ್ಟರು. "ಗೋಣಿ ಹೊದ್ಕೊಂಡು ನಡೆದಿದ್ದು ಮನೇಲಿ ಹೇಳಿದ್ರು ನಂಗೆ. ಹತ್ಲೇ ಇಲ್ಲ ಅಂತ." ಕೈಗಂಟಿದ ಧೂಳು ಒರೆಸಿಕೊಂಡು, "ಅವತ್ತು ನಾನು ಎದ್ದು ಕೇಳಿದಾಗ ಹೌದು ಅಂದ್ಯಲ್ಲ. ಆಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಭೈರಮ್ಮಕ್ಕ."

ಬೈಯುತ್ತಾರೆ ಎಂದು ಕಾದೆ. ಹೊಡೆದಿದ್ದರೂ ನಿಲ್ಲುತ್ತಿದ್ದೆ. ಅಂಗಳದ ಕೋಳಿಗಳನ್ನು ಗೂಡಿಗೆ ಅಟ್ಟಿ ಬಂದರು. ಕೊನೆಗೆ, "ಹೊರಡು ಇನ್ನು. ಬಸ್ಸು ತಪ್ತದೆ" ಅಂದರು. ಕತ್ತಿ ಮತ್ತೆ ಕೈಗೆ ತೆಗೆದುಕೊಂಡರು.

ಒಳದಾರಿಯಲ್ಲಿ ಬರಲಿಲ್ಲ. ಸುತ್ತಿ ಬಂದೆ.

9 ಮೇ

ಕಂಪನಿಯಿಂದ ಮೇಲ್. ಲಾಗರ್ ಹಿಂದಿರುಗಿಸಬೇಕು. ಕಾಂಟ್ರಾಕ್ಟು ಈ ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ. ಸರ್ ಒಂದು ಮೆಸೇಜು ಕಳಿಸಿದ್ದಾರೆ, "ಸಾರಿ ಶಾಲಿನಿ, ನನ್ನ ಕೈಯಲ್ಲಿಲ್ಲ." ಇರಬಹುದು.

13 ಮೇ

ಮಧ್ಯಾಹ್ನ ಮೂರರಿಂದ ಐದು ದಾರಿಯ ಬಾಯಲ್ಲಿ ನಿಲ್ಲುತ್ತಿದ್ದೇನೆ, ನಾಲ್ಕು ದಿನದಿಂದ. ಬಂದವರಿಗೆ ಸುತ್ತಿ ಹೋಗಿ ಅನ್ನುತ್ತೇನೆ. ಮೊದಲ ದಿನ ಎಲ್ಲರೂ ಕೇಳಿದರು. ಎರಡನೇ ದಿನ ಅರ್ಧ ಜನ. ಇವತ್ತು ಒಬ್ಬ ಹೆಂಗಸು ದೀಪ ತೋರಿಸಿ, ಅಲ್ಲ, ಹತ್ತಿಲ್ಲವಲ್ಲ ಅಂದಳು. ಹತ್ತದಿದ್ದರೂ ಇರಬಹುದು ಅಂದೆ. "ನೀನೇ ಅಲ್ವಾ ಮೈಕಲ್ಲಿ ಹೇಳಿದ್ದು?" ಎಂದು ಕೇಳಿ ನಡೆದುಬಿಟ್ಟಳು. ಸಿಟ್ಟಿನಿಂದಲ್ಲ. ತಲೆಯ ಮೇಲೆ ಹುಲ್ಲಿನ ಹೊರೆ ಇತ್ತು, ನಾಲ್ಕು ಕಿಲೋಮೀಟರ್ ಸುತ್ತುವ ಶಕ್ತಿ ಇರಲಿಲ್ಲ.

ಅವಳು ಆ ಕಡೆ ಮುಟ್ಟಿದಳೆಂದು ತಿಳಿಯುವವರೆಗೆ ಅಲ್ಲಿಂದ ಕದಲಲಿಲ್ಲ ನಾನು.

25 ಮೇ

ಮಳೆ ಹಿಡಿಯಿತು. ಈ ಸಲ ಬೇಗ. ಮೂರು ದಿನದಿಂದ ಬಿಟ್ಟಿಲ್ಲ.

ಮೂರೂವರೆಗೆ ನೆಲ 22. ಮಳೆ ಸ್ವಲ್ಪ ಹೊಳವಾಗಿ ನಿಂತಾಗ ನಾನೇ ಕಂಬದ ಮುಂದೆ ನಡೆದೆ. ನಾಲ್ಕು ಮೀಟರ್, ಎಂಟು, ಹನ್ನೆರಡು. ಎಲ್ಲ ಸಲವೂ ಹತ್ತಿತು. ಹದಿನಾರರಲ್ಲೂ ಒಂಬತ್ತು.

ದಾರಿಯ ಬಾಯಲ್ಲಿ ಇನ್ನು ನಿಲ್ಲುವುದಕ್ಕೆ ಕಾರಣವಿಲ್ಲ. ಮುಂದಿನ ಮಾರ್ಚಿನವರೆಗೆ.

30 ಮೇ

ನನ್ನ ಜಾಗಕ್ಕೆ ಯೋಗೇಂದ್ರ ಎಂಬುವವರು ಬಂದಿದ್ದಾರೆ. ಒಳ್ಳೆಯ ಮನುಷ್ಯ, ಕೆಲಸ ಗೊತ್ತಿದೆ. ಇಲಾಖೆಯವರು ನನ್ನ ಪತ್ರ ಕಂಪನಿಗೆ ಕಳಿಸಿ ಮರುಪರೀಕ್ಷೆ ಮಾಡಿ ಎಂದು ಕೇಳಿದ್ದರಂತೆ. ನಿನ್ನೆ ಮಾಡಿದರು. ಮಧ್ಯಾಹ್ನ ಮೂರರಿಂದ ಐದು, ಎಂಟೂ ಕಂಬ, ಒಂದನ್ನೂ ಬಿಡದೆ. ಪತ್ತೆ ನೂರಕ್ಕೆ 97. "ದೂರಿನಲ್ಲಿ ಹೇಳಿದ ದೋಷ ಕಂಡುಬಂದಿಲ್ಲ."

ಇದು ಮಳೆಗಾಲದ ಅಳತೆ, ಏಪ್ರಿಲ್‌ನಲ್ಲಿ ಅಳೆಯಬೇಕು ಅಂದೆ. ಯೋಗೇಂದ್ರ ತಲೆಯಾಡಿಸಿದರು. ಅವರಿಗೆ ಅರ್ಥವಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. ಕೇಳಿದ್ದನ್ನು ಅಳೆದು ಕೊಟ್ಟಿದ್ದೇನೆ ಮೇಡಂ ಅಂದರು. ನಾನೂ ಮಾರ್ಚಿನಲ್ಲಿ ಮಾಡಿದ್ದು ಅದನ್ನೇ.

ಲಾಗರ್ ಅವರ ಕೈಗೆ ಕೊಟ್ಟು ಸಹಿ ತೆಗೆದುಕೊಂಡೆ.

8 ಜೂನ್

ಅಮ್ಮ ಬಾ ಅನ್ನುತ್ತಿದ್ದಾಳೆ. ಎದ್ದು ಬಟ್ಟೆ ಕಟ್ಟಲೂ ಮನಸ್ಸಿಲ್ಲ. ಕಣ್ಣು ಮುಚ್ಚಿದರೆ ಒಂದು ಉಬ್ಬು, ಒಂದು ಅರ್ಧ ಉಬ್ಬು.

21 ಜೂನ್, ಸಂಜೆ 5.40

ಭೈರಮ್ಮಕ್ಕ ರೂಮಿಗೆ ಬಂದಿದ್ದರು. ಪೇಟೆಗೆ ಮಳೆಗೆ ಹೊದೆಯುವ ಕಂಬಳಿಕೊಪ್ಪೆ ಕೊಳ್ಳಲು ಬಂದವರು ಬಸ್‌ಸ್ಟ್ಯಾಂಡಿನಲ್ಲಿ ಕೇಳಿಕೊಂಡು ಮನೆ ಹುಡುಕಿದ್ದಾರೆ. ಕಾಲೆಲ್ಲ ಕೆಸರು. ಒಳಗೆ ಬನ್ನಿ ಎಂದರೆ ನೆಲ ಗಲೀಜಾಗ್ತದೆ ಎಂದು ಬಾಗಿಲಲ್ಲೇ ಕೂತರು. ಚಹಾ ಕೊಟ್ಟೆ, ಕುಡಿದರು. ಸೊರಗಿದ್ದೀಯ ಅಂದರು. ನನಗೆ. ಅವರು.

ಈಗ ದಿನಾ ಒಳದಾರಿಯಲ್ಲೇ ಕೆಲಸಕ್ಕೆ ಹೋಗಿ ಬರುತ್ತಾರಂತೆ. ಸಂಜೆ ನಾಲ್ಕೂವರೆಗೂ.

"ದಿನಾ ಹತ್ತುತ್ತೆ ಮಗಾ. ನಾ ಹಾದ್ರೂ ಹತ್ತುತ್ತೆ, ದನ ಹಾದ್ರೂ ಹತ್ತುತ್ತೆ. ಮೂರೂವರೆಗೂ ನಿಂತು ನೋಡ್ದೆ, ಬೇಕು ಅಂತ್ಲೇ. ಒಂದಿನ ತಪ್ಲಿಲ್ಲ."

ಅದು ಮಳೆಗೆ ಭೈರಮ್ಮಕ್ಕ, ನೆಲ ತಂಪಾಗಿದೆ ಅದಕ್ಕೆ ಎಂದು ಶುರು ಮಾಡಿದೆ. ಕೈ ಎತ್ತಿ ತಡೆದರು.

"ಅವ್ರೇ ನೋಡ್ಲಿಲ್ಲ ಕಾಣ್ತದೆ. ನಂಗೆ ಜ್ವರ, ಅವ್ರಿಗೆ ಬಸ್ಸಿನ ಅವಸರ. ನನ್ನ ಜ್ವರಕ್ಕೇ ಆಗಿದ್ದು ಅದು. ನೀ ಅದನ್ನ ನಿನ್ನ ತಲೆಗೆ ಕಟ್ಕೊಂಡು ಹಿಂಗೆ ಕೂರ್ಬೇಡ. ಅದನ್ನೇ ಹೇಳಿ ಹೋಗಣ ಅಂತ ಬಂದೆ."

ಲೋಟ ತಾವೇ ತೊಳೆದಿಟ್ಟರು. ಕೊಡೆ ಬಿಚ್ಚಿಕೊಂಡು ಹೋದರು.

ನಾನು ಬಾಯಿ ಬಿಡಲಿಲ್ಲ. ಹೇಳಲು ಎಲ್ಲವೂ ಇತ್ತು. 3.31, 3.38, 35 ಡಿಗ್ರಿ. ಅವರ ಬೆನ್ನು ತಿರುವು ದಾಟುವವರೆಗೂ ಹೊತ್ತಿತ್ತು.

ಒಂದು ಗಳಿಗೆ ಎದೆ ಹಗುರ ಆಯಿತು. ಅದನ್ನು ಬರೆಯದೆ ಬಿಡಬಾರದು. ಅವರು ತಮ್ಮ ಮೇಲೆ ಹಾಕಿಕೊಂಡಾಗ ನನಗೆ ನಿಜವಾಗಿಯೂ ಹಗುರ ಆಯಿತು.

ನಾಳೆ ಮೊದಲ ಬಸ್ಸಿಗೆ ಹೋಗಿ ಭೈರಮ್ಮಕ್ಕನಿಗೆ ಹೇಳಬೇಕು, ನಿಮ್ಮ ಜ್ವರದಿಂದಲ್ಲ, ನನ್ನ ಮಾತಿನಿಂದ ಎಂದು.